ಅಪ್‌ಡೇಟ್: ಬೆಟ್ಟ ಹತ್ತುವಾಗ ಗಾಡಿ ಎಳೆಯದೇ ಇದ್ದಿದ್ದು ಯಾಕೆ ಅಂತ ಗೊತ್ತಾಯ್ತು
ಹೋದ ತಿಂಗಳು ಕೇಳಿದ್ದೆನಲ್ಲ, ನನ್ನ ಡೀಸೆಲ್ ಫೋರ್ ಬೈ ಫೋರ್ ಚಾಮುಂಡಿ ಬೆಟ್ಟ ಹತ್ತುವಾಗ ಪಿಕಪ್ ಸತ್ತುಹೋಗುತ್ತೆ, ಇಂಜಿನ್ ಲೈಟ್ ಉರಿಯುತ್ತೆ ಅಂತ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಂಡಿದೆ ಅಂತ ಜಾಸ್ತಿ ಜನ ಹೇಳಿದಿರಿ, ನಾನೂ ನಂಬಿ, ಬಿಸಿಗೆ ಮಸಿ ಸುಟ್ಟುಹೋಗಲಿ ಅಂತ ಮಂಡ್ಯದವರೆಗೆ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಿ ಬಂದೆ, ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಒಬ್ಬ ಹಳೇ ಮೆಕ್ಯಾನಿಕ್ ಟರ್ಬೋದಿಂದ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಹೋಗುವ ಹೋಸ್ ಬಿಚ್ಚಿ ತೋರಿಸಿದರು. ಕ್ಲ್ಯಾಂಪ್ ಪಕ್ಕದಲ್ಲೇ ಉಗುರಿನಷ್ಟು ಸೀಳು, ಸುತ್ತ ಆಯಿಲ್ ಜಿಡ್ಡು. ಗಾಡಿ ಸುಮ್ನೆ ನಿಂತಾಗ ಕಾಣುವುದೇ ಇಲ್ಲ, ಬೂಸ್ಟ್, ಅಂದ್ರೆ ಟರ್ಬೋ ಗಾಳಿಯ ಒತ್ತಡ, ಏರಿದಾಗ ಬಾಯಿ ಬಿಟ್ಟು ಗಾಳಿ ಸೋರುತ್ತೆ, ಆಗ ಇಸಿಯು (ಇಂಜಿನ್ ಕಂಪ್ಯೂಟರ್) ಪವರ್ ಇಳಿಸಿಬಿಡುತ್ತೆ. ಸರ್ವೀಸ್ ಸೆಂಟರ್‌ನವರು ಮೂರು ಸಲ ಬರೀ ಎರರ್ ಕೋಡ್ ಅಳಿಸಿ ಕಳಿಸಿದ್ದರು, ನನಗೆ ಬೇಜಾರು ಅದೇ. ಹೊಸ ಹೋಸ್ ಹಾಕಿಸಿ ಅಮ್ಮನನ್ನು ಕೂರಿಸಿಕೊಂಡು ಎರಡು ಸಲ ಬೆಟ್ಟ ಹತ್ತಿದೆ. ಲೈಟ್ ಬಂದಿಲ್ಲ. ಹೋಸ್ ನೋಡಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್.