ಪದಚರ್ಚೆ: ‘ಬಾಹ್ಯ ಆಘಾತ’ಕ್ಕೆ ಬೇರೆ ಪದ ಬೇಕಾಗಿದೆ

ಮಾನ್ಯರೇ,

ಐರೋಪ್ಯ ಒಕ್ಕೂಟದ ನೀತಿಗಳು ಬದಲಾಗುವ ಬಗೆಯನ್ನು ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ; ನಾಳೆ ಅಚ್ಚಿಗೆ ಹೋಗಬೇಕು. ಯುದ್ಧ, ಪಿಡುಗುಗಳಂತೆ ಅನಿರೀಕ್ಷಿತವಾಗಿ ಬಂದೆರಗುವ ಘಟನೆಯನ್ನು ಸೂಚಿಸುವ ‘ಎಕ್ಸ್‌ಟರ್ನಲ್ ಶಾಕ್’ ಎಂಬುದಕ್ಕೆ ‘ಬಾಹ್ಯ ಆಘಾತ’ವನ್ನು ಬಳಸಿ, ‘ಬಾಹ್ಯ ಆಘಾತಗಳು ನೀತಿ ಬದಲಾವಣೆಗೆ ಚಾಲನೆ ನೀಡುತ್ತವೆ’ ಎಂದು ಬರೆದಿದ್ದೇನೆ. ಸಂಪಾದಕರು ಒಪ್ಪುತ್ತಿಲ್ಲ. ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ:

ಸಂಪಾದಕರ ಮಾತೇ ಸರಿ. ‘ಘಾತ’ಕ್ಕೆ ಹೊಡೆತವೆಂಬ ಅರ್ಥವಿದ್ದರೂ, ಇಂದಿನ ಓದುಗನಿಗೆ ‘ಆಘಾತ’ ಎಂದೊಡನೆ ನೆನಪಾಗುವುದು ಹೃದಯಾಘಾತ, ಇಲ್ಲವೇ ಸಾವಿನ ಸುದ್ದಿ ಕೇಳಿದವರ ಮನಃಸ್ಥಿತಿ. ಬರಕ್ಕೂ ಬೆಲೆಯೇರಿಕೆಗೂ ನಾವು ಹೇಳುವುದು ‘ಹೊಡೆತ’ವೆಂದೇ. ‘ಹೊರಗಿನ ಹೊಡೆತ’ ಎಂದರೆ ಸಾಕು.

‘ಚಾಲನೆ’ಯಂತೂ ಇಲ್ಲಿ ಸಲ್ಲದು, ಏಕೆಂದರೆ ಹೊಡೆತವೊಂದೇ ನೀತಿಯನ್ನು ಕದಲಿಸುವುದಿಲ್ಲ. ಯುಗೊಸ್ಲಾವಿಯದ ಯುದ್ಧಗಳ ಅನುಭವದಿಂದ ಒಕ್ಕೂಟವು 2001ರಲ್ಲಿ, ಗುಂಪಾಗಿ ಓಡಿಬರುವ ನಿರಾಶ್ರಿತರಿಗೆ ತಾತ್ಕಾಲಿಕ ರಕ್ಷಣೆ ನೀಡುವ ನಿರ್ದೇಶನವೊಂದನ್ನು (ಸದಸ್ಯ ರಾಷ್ಟ್ರಗಳು ಪಾಲಿಸಬೇಕಾದ ಕಾನೂನನ್ನು) ರೂಪಿಸಿತು. 2015ರಲ್ಲಿ ಲಕ್ಷಾಂತರ ನಿರಾಶ್ರಿತರು ಬಂದಾಗಲೂ ಬಳಕೆಯಾಗದ ಅದು, 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ನಡೆಸಿದ ಬಳಿಕ, ಮಾರ್ಚ್ 4ರಂದು ಮೊದಲ ಬಾರಿಗೆ ಜಾರಿಗೆ ಬಂತು. ಎರಡೂ ಹೊಡೆತಗಳೇ; ಸದಸ್ಯ ರಾಷ್ಟ್ರಗಳ ಒಮ್ಮತ ಮೂಡಿದ್ದು ಎರಡನೆಯ ಸಲ ಮಾತ್ರ. ಆದ್ದರಿಂದ ‘ಹೊರಗಿನ ಹೊಡೆತ ಬಿದ್ದಾಗ ನೀತಿ ಬದಲಾವಣೆಗೆ ಎಡೆಯಾಗುತ್ತದೆ’ ಎಂದು ಬರೆಯಿರಿ.

ಮತ್ತೊಂದು ಉತ್ತರ:

ಒಪ್ಪಲಾರೆ. ಇಲ್ಲಿ ‘ಬಾಹ್ಯ’ ಎಂದರೆ ಪರದೇಶದ್ದು ಎಂದಲ್ಲ, ಆಯಾ ನೀತಿಕ್ಷೇತ್ರದ ಆಚೆಯದು ಎಂದು. 2020ರ ಕೋವಿಡ್ ಪಿಡುಗು ಒಕ್ಕೂಟದ ಮನೆಮನೆಯೊಳಗೇ ಇತ್ತು. ಹಣಕಾಸು ನೀತಿಗೆ ಮಾತ್ರ ಅದು ಬಾಹ್ಯ. ಆ ಜುಲೈಯಲ್ಲಿ ಸದಸ್ಯ ರಾಷ್ಟ್ರಗಳ ನಾಯಕರು, ಅದುವರೆಗೆ ಹಲವರು ವಿರೋಧಿಸುತ್ತಿದ್ದ ಜಂಟಿ ಸಾಲಕ್ಕೆ ಒಪ್ಪಿ, 75,000 ಕೋಟಿ ಯೂರೊಗಳ ಚೇತರಿಕೆ ನಿಧಿಯನ್ನು ನಿಶ್ಚಯಿಸಿದರು. ‘ಹೊರಗಿನ’ ಎಂದು ಬರೆದರೆ ಓದುಗನು ಗಡಿಯಾಚೆಗೆ ನೋಡುತ್ತಾನೆ. ಇನ್ನು ಅಚ್ಚಗನ್ನಡದ ಹಟವೇ ಆದರೆ, ‘ನೀತಿ’ ಸಂಸ್ಕೃತದ್ದು, ‘ಬದಲು’ ಅರಬ್ಬಿ ಮೂಲದ್ದು. ಅವನ್ನು ಉಳಿಸಿಕೊಂಡು ‘ಆಘಾತ’ವನ್ನು ಮಾತ್ರ ಹೊರಗಟ್ಟುವುದಕ್ಕೆ ಆಧಾರವೇನು?

ಮೊದಲು ಉತ್ತರಿಸಿದವರಿಂದ:

ಎರವಲನ್ನು ನಾನು ಆಕ್ಷೇಪಿಸಿಯೇ ಇಲ್ಲ. ‘ಬದಲು’ ನಮ್ಮ ಪ್ರತ್ಯಯ ಹಿಡಿದು ‘ಬದಲಾವಣೆ’ಯಾಗಿ ಎಲ್ಲರ ಬಾಯಲ್ಲಿ ನೆಲೆಸಿದೆ, ‘ಆಘಾತ’ ಈ ಅರ್ಥದಲ್ಲಿ ಇನ್ನೂ ನೆಲೆಸಿಲ್ಲ. ‘ಹೊರಗಿನ’ ಎಂಬುದರ ಬಗ್ಗೆ ಎತ್ತಿದ ಸಂಶಯ ನ್ಯಾಯವಾದದ್ದು. ಅನುವಾದಕರು ಮೊದಲ ಸಲ ‘ನೀತಿಕ್ಷೇತ್ರದ ಆಚೆಯಿಂದ ಬಿದ್ದ ಹೊಡೆತ’ ಎಂದು ಬಿಡಿಸಿ ಬರೆದು, ಮುಂದೆ ‘ಹೊರಹೊಡೆತ’ ಎಂದು ಬಳಸಲಿ.