ಯಾವುದೇ, ಯಾವುದಾದರೂ, ಒಂದೊಂದು: ಎಪ್ಸಿಲಾನ್-ಡೆಲ್ಟಾನ ಕನ್ನಡದಲ್ಲಿ ಹೇಳೋದು ಹೆಂಗೆ?

ಎಲ್ರಿಗೂ ನಮಸ್ಕಾರ,

ಬಿಎಸ್ಸಿ ಮ್ಯಾಥ್ಸ್‌ನ ರಿಯಲ್ ಅನಾಲಿಸಿಸ್ ಪಾಠದಲ್ಲಿ ಮತ್ತೆ ಮತ್ತೆ ಬರೋ ಒಂದು ಮಾತಿನ ಬಗ್ಗೆ ಕೇಳ್ಬೇಕಿತ್ತು. ಮೊದ್ಲೇ ಹೇಳ್ಬಿಡ್ತೀನಿ, ಕ್ಯಾಲ್ಕುಲಸ್‌ಗೆ ಕಲನ ಅನ್ಬೇಕಾ ಕಲನಶಾಸ್ತ್ರ ಅನ್ಬೇಕಾ, ಡಿಫರೆನ್ಸಿಯೇಷನ್‌ಗೆ ಅವಕಲನ ಸರಿನಾ, ಆ ಜಗಳ ಇಲ್ಲಿ ಬೇಡ, ಹುಡುಗ್ರಿಗೆ ಲಿಮಿಟ್ ಅಂದ್ರೂ ನಡಿಯುತ್ತೆ ಮಿತಿ ಅಂದ್ರೂ ನಡಿಯುತ್ತೆ. ನನಗೆ ತೊಡಕಾಗಿರೋದು ಸಣ್ಣ ಸಣ್ಣ ಮಾತುಗಳು: ಯಾವುದೇ, ಯಾವುದಾದರೂ, ಪ್ರತಿಯೊಂದೂ, ಒಂದು, ಎಲ್ಲಾ.

ವಿಜಯನಗರದಲ್ಲಿ ಭಾನುವಾರ ಒಂದಷ್ಟು ಡಿಗ್ರಿ ಹುಡುಗ್ರಿಗೆ ಪಾಠ ಹೇಳ್ಕೊಡ್ತೀನಿ. ಚಿಂತಾಮಣಿ, ಕನಕಪುರ, ಸಿರಾ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲ್‌ನಲ್ಲಿ ಇರೋರು, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಲೆಕ್ಕ ಮಾಡೋದ್ರಲ್ಲಿ ಚುರುಕು, ಇಂಟಿಗ್ರೇಷನ್ ಕೊಟ್ರೆ ಎರಡು ನಿಮಿಷಕ್ಕೆ ಮುಗಿಸ್ತಾರೆ, ಪ್ರೂಫ್ ಬರೀರಿ ಅಂದ್ರೆ ಮಾತ್ರ ಪೆನ್ ನಿಂತೋಗುತ್ತೆ. ಫಂಕ್ಷನ್ ಒಂದು ಬಿಂದುವಲ್ಲಿ ಕಂಟಿನ್ಯುಯಸ್, ಅಂದ್ರೆ ಅಲ್ಲಿ ಹಾರದೆ ಸಾಗುತ್ತೆ ಅನ್ನೋದನ್ನ ಪುಸ್ತಕದಲ್ಲಿ ತಲೆಕೆಳಗಾದ ಎ (ಎಲ್ಲಾದಕ್ಕೂ ಅಂತ ಅರ್ಥ), ಹಿಂದುಮುಂದಾದ ಇ (ಒಂದಾದ್ರೂ ಇದೆ ಅಂತ) ಹಾಕಿ ಒಂದೇ ಸಾಲಲ್ಲಿ ಬರ್ದಿರ್ತಾರೆ. ಆ ಇ ಗಣಿತಜ್ಞ ಪೆಯಾನೊ 1897ರಲ್ಲಿ ತಂದಿದ್ದು, ಎ ಬಂದಿದ್ದು 1935ರಲ್ಲಿ ತರ್ಕಶಾಸ್ತ್ರಜ್ಞ ಗೆಂಟ್ಸನ್‌ನಿಂದ, ಅದಕ್ಕೂ ಮುಂಚೆ ಈ ಗಣಿತ ಎಲ್ಲಾ ಮಾತಲ್ಲೇ ಬರ್ದಿದ್ದು, ಹಾಗಾಗಿ ಕನ್ನಡದ ಮಾತಲ್ಲೂ ಹೇಳಕ್ಕೆ ಆಗ್ಲೇಬೇಕು ಅನ್ನೋದು ನನ್ನ ಹಟ.

ಆ ಸಾಲಲ್ಲಿ ಫಂಕ್ಷನ್‌ನ ಬೆಲೆ ಎಷ್ಟರೊಳಗೆ ಅಲ್ಲಾಡ್ಬಹುದು ಅನ್ನೋದು ಎಪ್ಸಿಲಾನ್, ಅದಕ್ಕೆ ಎಕ್ಸ್ ಆ ಬಿಂದುವಿಗೆ ಎಷ್ಟು ಹತ್ರ ಇರ್ಬೇಕು ಅನ್ನೋದು ಡೆಲ್ಟಾ, ಎರಡೂ ಸೊನ್ನೆಗಿಂತ ದೊಡ್ಡವು. ಹುಡುಗ್ರ ನೋಟ್ಸ್‌ನಲ್ಲಿ ಹೀಗಿತ್ತು: "ಯಾವುದೇ ಎಪ್ಸಿಲಾನ್‌ಗೆ ಒಂದು ಡೆಲ್ಟಾ ಇರುತ್ತದೆ." ಒಬ್ಬ ಇದನ್ನ ಓದ್ಕೊಂಡು ಎಪ್ಸಿಲಾನ್ 1 ಅಂತ ತಾನೇ ತಗೊಂಡ, ಅದಕ್ಕೊಂದು ಡೆಲ್ಟಾ ಹುಡುಕ್ದ, ಕೆಳಗೆ ಗೆರೆ ಎಳ್ದು ಪ್ರೂಫ್ ಮುಗೀತು ಅಂದ. ಯಾಕಪ್ಪಾ ಅಂದ್ರೆ "ಯಾವುದೇ ಅಂತಿದ್ಯಲ್ಲ ಸಾರ್, ಅದಕ್ಕೆ 1 ತಗೊಂಡೆ" ಅಂತಾನೆ. ಯೋಚ್ನೆ ಮಾಡಿದ್ರೆ ಅವನ ಕನ್ನಡ ತಪ್ಪೇ ಅಲ್ಲ. ಪ್ರಶ್ನೆಪತ್ರಿಕೆಯಲ್ಲಿ "ಯಾವುದಾದರೂ ಐದು ಪ್ರಶ್ನೆಗಳಿಗೆ ಉತ್ತರಿಸಿ" ಅಂತ ಇರುತ್ತೆ, ಕೆಲವು ಕಡೆ "ಯಾವುದೇ ಐದು" ಅಂತಾನೂ ಇರುತ್ತೆ, ಎರಡಕ್ಕೂ ಒಂದೇ ಅರ್ಥ, ಆರಿಸ್ಕೊಳ್ಳೋನು ಬರೆಯೋ ಹುಡುಗ. ಎಪ್ಸಿಲಾನ್ ವಿಚಾರದಲ್ಲಿ ಆರಿಸೋನು ಎದುರಿಗಿರೋನು, ನಮ್ಮ ಕೈಲಿ ಇರೋದು ಡೆಲ್ಟಾ ಮಾತ್ರ.

ಮಾತಾಡುವಾಗ ನಮಗೆ ಈ ವ್ಯತ್ಯಾಸ ಚೆನ್ನಾಗೇ ಗೊತ್ತಿರುತ್ತೆ. "ಯಾವುದೇ ಅಂಗಡೀಲಿ ಕೇಳು, ಸಿಗುತ್ತೆ" ಅಂದ್ರೆ ಎಲ್ಲಾ ಅಂಗಡೀಲೂ ಇದೆ ಅಂತ, "ಯಾವುದಾದ್ರೂ ಅಂಗಡೀಲಿ ಸಿಗುತ್ತೆ" ಅಂದ್ರೆ ಎಲ್ಲೋ ಒಂದು ಕಡೆ ಇದೆ, ಹುಡುಕು ಅಂತ. ಆದ್ರೆ ಬರವಣಿಗೆಗೆ ಬಂದಾಗ ಯಾವುದೇ ಅನ್ನೋದು ಎರಡು ದೋಣಿ ಮೇಲೂ ಕಾಲಿಡುತ್ತೆ. ಇಂಗ್ಲಿಷಿನ ಎನಿ ಅನ್ನೋ ಪದದ್ದೂ ಇದೇ ಹಣೆಬರಹ, ನಮ್ಮೋರು ಅದನ್ನ ಅನುವಾದ ಮಾಡ್ತಾ ಮಾಡ್ತಾ ಯಾವುದೇ ಪದಕ್ಕೆ ಆ ರೋಗ ಅಂಟಿಸಿದ್ರಾ ಅಂತ ನನ್ನ ಅನುಮಾನ. ಹಳೇ ಬರಹ ಓದಿರೋರು ಹೇಳ್ಬೇಕು.

ಹುಡುಗ್ರಿಗೆ ತಕ್ಷಣ ಹಿಡಿಸಿದ್ದು ಬೇರೆ ರೂಪ. "ನೀನು ಎಷ್ಟೇ ಚಿಕ್ಕ ಎಪ್ಸಿಲಾನ್ ಕೊಟ್ರೂ ನಾನು ಅದಕ್ಕೆ ಒಂದು ಡೆಲ್ಟಾ ಕೊಡ್ತೀನಿ." ಕೊಟ್ರೂ ಅನ್ನೋ ಆ ರೂ ಇದ್ಯಲ್ಲ, ಅದೊಂದೇ ಎಲ್ಲಾ ಕೆಲಸ ಮಾಡ್ಬಿಡುತ್ತೆ: ಯಾರು ಮೊದ್ಲು ಕೊಡೋದು, ಯಾರು ಆಮೇಲೆ ಕೊಡೋದು, ಡೆಲ್ಟಾ ಎಪ್ಸಿಲಾನ್ ಮೇಲೆ ನಿಂತಿದೆ, ಎಲ್ಲಾ ಅದ್ರಲ್ಲೇ ಬಂತು. ಆದ್ರೆ ಇದನ್ನ ಪರೀಕ್ಷೆಯಲ್ಲಿ, ಪುಸ್ತಕದಲ್ಲಿ ಬರೆಯೋ ಹಂಗೆ ಮಾಡೋದು ಹೆಂಗೆ? "ಯಾವ ಧನ ಸಂಖ್ಯೆಯನ್ನು ಕೊಟ್ಟರೂ" ಅಂತ ಬರೆದ್ರೆ ನನಗೇನೋ ಸರಿ ಅನ್ಸುತ್ತೆ, ಒಬ್ರು ಮೇಷ್ಟ್ರು ಮಾತ್ರ ಇದು ಹರಟೆ ಭಾಷೆ ಆಯ್ತು ಅಂದ್ರು.

ಇನ್ನೊಂದು ಕಡೆ ಕನ್ನಡ ಇಂಗ್ಲಿಷಿಗಿಂತ ಚೊಕ್ಕವಾಗಿದೆ ಅಂತ ನನಗನ್ಸುತ್ತೆ, ಯೂನಿಫಾರ್ಮ್ ಕಂಟಿನ್ಯುಯಿಟಿ ಹೇಳುವಾಗ. ಬರೀ ಕಂಟಿನ್ಯುಯಸ್ ಅಂದ್ರೆ ಒಂದೊಂದು ಬಿಂದುಗೂ ಒಂದೊಂದು ಡೆಲ್ಟಾ, ಯೂನಿಫಾರ್ಮ್ ಅಂದ್ರೆ ಎಲ್ಲಾ ಬಿಂದುಗೂ ಒಂದೇ ಡೆಲ್ಟಾ. ಎಕ್ಸ್ ಸ್ಕ್ವೇರ್ ತಗೊಂಡು ಎಪ್ಸಿಲಾನ್ 1 ಇಟ್ರೆ, 10ರ ಹತ್ರ 0.04 ಡೆಲ್ಟಾ ಸಾಕು, 10.04ರ ವರ್ಗ 100.8016, ವ್ಯತ್ಯಾಸ 1 ದಾಟಿಲ್ಲ. ಅದೇ 0.04 ಇಟ್ಕೊಂಡು 100ರ ಹತ್ರ ಹೋಗಿ, 100.03ರ ವರ್ಗ 10006.0009, ವ್ಯತ್ಯಾಸ 6 ದಾಟೋಯ್ತು. ಮುಂದೆ ಹೋದಷ್ಟೂ ಡೆಲ್ಟಾ ಕಿರಿದಾಗ್ತಾನೇ ಇರ್ಬೇಕು, ಒಂದೇ ಡೆಲ್ಟಾ ಇಡೀ ಸಾಲಿಗೆ ಸಾಲಲ್ಲ. ಇದನ್ನ ಬೋರ್ಡ್ ಮೇಲೆ ಲೆಕ್ಕ ಮಾಡಿ ತೋರ್ಸಿ "ಒಂದೊಂದು, ಒಂದೇ" ಅಂದ್ರೆ ಮುಗೀತು, ಬೇರೆ ವಿವರಣೆ ಕೇಳಲ್ಲ. ಈ ಒಂದೇ ಮತ್ತು ಒಂದೊಂದು ಗೊಂದಲ ಹುಡುಗ್ರದ್ದು ಮಾತ್ರ ಅಂದ್ಕೋಬೇಡಿ. ಕಂಟಿನ್ಯುಯಸ್ ಫಂಕ್ಷನ್‌ಗಳ ಸೀರೀಸ್ ಕನ್ವರ್ಜ್ ಆದ್ರೆ (ಕೂಡ್ತಾ ಹೋದಂಗೆ ಒಂದು ಬೆಲೆಗೆ ಸೇರಿದ್ರೆ) ಅದರ ಮೊತ್ತನೂ ಕಂಟಿನ್ಯುಯಸ್ ಅಂತ 1821ರಲ್ಲಿ ಗಣಿತಜ್ಞ ಕೋಶಿ ಅಂಥೋರೇ ಬರೆದಿದ್ರು, 1826ರಲ್ಲಿ ಇನ್ನೊಬ್ಬ ಗಣಿತಜ್ಞ ಏಬೆಲ್ ಒಂದು ಸೈನ್ ಸೀರೀಸ್ ತೋರ್ಸಿ ಇದಕ್ಕೆ ಅಪವಾದ ಇದೆ ಅಂದ್ರು. ಒಂದೊಂದು ಬಿಂದುವಲ್ಲೂ ಬೇರೆ ಬೇರೆಯಾಗಿ ಕನ್ವರ್ಜ್ ಆದ್ರೆ ಸಾಲಲ್ಲ, ಎಲ್ಲಾ ಬಿಂದುಗೂ ಒಟ್ಟಿಗೆ, ಅಂದ್ರೆ ಯೂನಿಫಾರ್ಮ್ ಆಗಿ ಆದ್ರೆ ಆ ಮಾತು ನಿಲ್ಲುತ್ತೆ.

ಕನ್ನಡ ಕೈ ಕೊಡೋದು ಇಲ್ಲ ಅನ್ನುವಾಗ. "ಎಲ್ರೂ ಬಂದಿಲ್ಲ" ಅಂದ್ರೆ ಒಬ್ರೂ ಬಂದಿಲ್ಲ ಅಂತಾನಾ, ಕೆಲವರು ಬಂದಿಲ್ಲ ಅಂತಾನಾ? ನನ್ನ ಕಿವಿಗೆ ಎರಡೂ ಕೇಳುತ್ತೆ. ಹಂಗೇ "ಈ ಫಂಕ್ಷನ್ ಎಲ್ಲಾ ಬಿಂದುವಲ್ಲೂ ಕಂಟಿನ್ಯುಯಸ್ ಅಲ್ಲ" ಅಂದ್ರೆ ಏನು ತಿಳ್ಕೋಬೇಕು? ಗ್ರೇಟೆಸ್ಟ್ ಇಂಟೀಜರ್ ಫಂಕ್ಷನ್, ಅದೇ ಎಕ್ಸ್ ಮೀರದ ಅತಿ ದೊಡ್ಡ ಪೂರ್ಣಾಂಕ ಕೊಡೋದು, ಪೂರ್ಣಾಂಕಗಳಲ್ಲಿ ಮಾತ್ರ ಹಾರುತ್ತೆ, ಮಿಕ್ಕ ಕಡೆ ಏನೂ ತೊಂದ್ರೆ ಇಲ್ಲ. ಡಿರಿಶ್ಲೆ ಫಂಕ್ಷನ್, ಅದೇ ಭಾಗಲಬ್ಧ ಸಂಖ್ಯೆಗೆ 1, ಅಭಾಗಲಬ್ಧಕ್ಕೆ 0 ಕೊಡೋದು, ಎಲ್ಲೂ ಕಂಟಿನ್ಯುಯಸ್ ಅಲ್ಲ. ಎರಡಕ್ಕೂ ಅದೇ ವಾಕ್ಯ ಬರೆದ ಪೇಪರ್ ನನ್ನ ಹತ್ರ ಇದೆ, ಬರೆದೋನಿಗೆ ಮನಸ್ಸಲ್ಲಿ ವ್ಯತ್ಯಾಸ ಗೊತ್ತಿತ್ತು, ವಾಕ್ಯಕ್ಕೆ ಗೊತ್ತಿರ್ಲಿಲ್ಲ. ಎರಡನೇದಕ್ಕೆ "ಎಲ್ಲೂ" ಅನ್ನೋ ಪದ ಇದೆ, ಸಂತೋಷ. ಮೊದಲನೇದಕ್ಕೆ "ಎಲ್ಲಾ ಕಡೆ ಕಂಟಿನ್ಯುಯಸ್ ಅಂತ ಹೇಳಕ್ಕಾಗಲ್ಲ" ಅಂತ ಸುತ್ತಿ ಬಳಸಿ ಹೇಳ್ತಿದೀನಿ, ಇಲ್ಲಾಂದ್ರೆ "ಕೆಲವು ಬಿಂದುಗಳಲ್ಲಿ ಅಲ್ಲ" ಅಂತೀನಿ, ಆಗ ಹುಡುಗ್ರು ಕೆಲವು ಅಂದ್ರೆ ಒಂದಕ್ಕಿಂತ ಜಾಸ್ತಿ ಇರ್ಬೇಕಲ್ವಾ ಸಾರ್ ಅಂತ ಎದ್ದು ನಿಲ್ತಾರೆ, ಅದೂ ಸರಿನೇ.

"ಆದರೆ ಮತ್ತು ಆದರೆ ಮಾತ್ರ" (ಇಂಗ್ಲಿಷಿನ ಇಫ್ ಅಂಡ್ ಓನ್ಲಿ ಇಫ್) ಬಗ್ಗೆ ಜಾಸ್ತಿ ಎಳೆಯಲ್ಲ. ಮೊದಲ ಸಲ ಓದಿದೋರಿಗೆ ಆ ಆದರೆ ಇಂಗ್ಲಿಷಿನ ಬಟ್ ಥರ ಕೇಳುತ್ತೆ, ನಾನು "ಆದಾಗ, ಮತ್ತು ಆದಾಗ ಮಾತ್ರ" ಅಂತ ಬರೆಸ್ತಿದೀನಿ.

ಹಾಗಾಗಿ ಕೇಳೋದಿಷ್ಟು: ನಿಮ್ಮ ಕಡೆ ಮಾತಲ್ಲಿ "ಎಲ್ರೂ ಬಂದಿಲ್ಲ" ಅಂದ್ರೆ ಮೊದಲು ಯಾವ ಅರ್ಥ ತಲೆಗೆ ಬರುತ್ತೆ, ಧಾರವಾಡ, ಮಂಗಳೂರು, ಮೈಸೂರು ಕಡೆಯೋರು ಬೇರೆ ಬೇರೆ ಹೇಳಿದ್ರೆ ಇನ್ನೂ ಒಳ್ಳೇದು. ಯಾವುದೇ ಪದನ ಎಲ್ಲಾ ಅನ್ನೋ ಅರ್ಥಕ್ಕೆ ಮೀಸಲಿಟ್ಟು, ಒಂದನ್ನ ಆರಿಸೋದಕ್ಕೆ ಯಾವುದಾದರೊಂದು ಅಂತಾನೇ ಕಟ್ಟುನಿಟ್ಟಾಗಿ ಬರೆಸಿದ್ರೆ ಕನ್ನಡಕ್ಕೆ ಒಗ್ಗುತ್ತಾ, ಇಲ್ಲ ಕೊಟ್ಟರೂ, ತೆಗೆದುಕೊಂಡರೂ ಅನ್ನೋ ರೂಪಾನೇ ಪಾಠದ ಭಾಷೆ ಮಾಡ್ಕೊಳ್ಳೋದು ವಾಸಿನಾ? ಮುಂದಿನ ಯೂನಿಟ್ ಯೂನಿಫಾರ್ಮ್ ಕನ್ವರ್ಜೆನ್ಸ್, ಅಷ್ಟರೊಳಗೆ ಒಂದು ದಾರಿ ಹಿಡೀಬೇಕು.