ಗೋಡೆಯೊಳಗೆ ಕರಗುವ ವಸ್ತುವಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಇಲ್ಲೊಂದು ವಿಜ್ಞಾನ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು. ‘ಫೇಸ್ ಚೇಂಜ್ ಮೆಟೀರಿಯಲ್’ಗೆ (ಪಿಸಿಎಂ) ಕನ್ನಡ ಬೇಕಾಗಿದೆ. ಗೋಡೆಯಲ್ಲೋ ಮಾಡಿನ ಕೆಳಗೋ ಇಡುವ ಪ್ಯಾರಾಫಿನ್ ಮೇಣದಂಥ ವಸ್ತು. ಹಗಲು ಕರಗುತ್ತಾ ಬಿಸಿ ಹೀರುತ್ತದೆ, ರಾತ್ರಿ ಗಟ್ಟಿಯಾಗುತ್ತಾ ಬಿಡುತ್ತದೆ. ಎಸಿಗೆ ಅಷ್ಟು ಕೆಲಸ ಕಡಿಮೆ. ‘ಹಂತ ಬದಲಾವಣೆ ಸಾಮಗ್ರಿ’ ಅಂದರೆ ಸರ್ಕಾರಿ ಯೋಜನೆಯ ಹಾಗಿದೆ, ಅಲ್ವಾ?
– ಮಣಿಪಾಲ

‘ಕಾವುಗಾಪು’ ಅನ್ನಿ. ಕಾಯ್ ಅಂದರೆ ಬಿಸಿಯಾಗು, ಕಾಯ್ ಅಂದರೆ ಕಾಪಾಡು. ಕಾವು ಕೂತ ಕೋಳಿ ಎರಡನ್ನೂ ಮಾಡುತ್ತದೆ. ಬೇರು ಒಂದೇ ಎಂದು ಮೊದಲಿಂದಲೂ ಹೇಳುತ್ತಿದ್ದೇನೆ.
– ಉಡುಪಿ

ಒಂದೇ ಅಲ್ಲ. ಬರೋ–ಎಮೆನೋ ಅವರ ದ್ರಾವಿಡ ಪದಮೂಲ ನಿಘಂಟು ತೆರೆದು ನೋಡಿ, ಬೇರೆ ಬೇರೆ ನಮೂದು. ಕೋಳಿಯನ್ನು ಬಿಟ್ಟುಬಿಡಿ ಮಾರಾಯ್ರೆ.

ದೊಡ್ಡ ತಕರಾರು ಅರ್ಥದ್ದು. ಕಾವು ಹಿಡಿದಿಡುವ ಕೆಲಸ ಮುರಕಲ್ಲಿನ ಗೋಡೆಯೂ ಮಾಡುತ್ತದೆ. ಆದರೆ ಕಲ್ಲು ತಾನೂ ಬಿಸಿಯಾಗುತ್ತಾ ಹೋಗುತ್ತದೆ. ಇದು ಕರಗಿ ಮುಗಿಯುವ ತನಕ ಹೆಚ್ಚುಕಮ್ಮಿ ಅದೇ ಡಿಗ್ರಿಯಲ್ಲಿ ನಿಲ್ಲುತ್ತದೆ. ಒಂದು ಕಿಲೋ ಐಸ್ ಕರಗಿಸಲು 334 ಕಿಲೋಜೂಲ್ ಬೇಕು. ಅಷ್ಟರಲ್ಲಿ ಅದೇ ನೀರನ್ನು 0ಯಿಂದ ಸುಮಾರು 80 ಡಿಗ್ರಿಗೆ ಕಾಯಿಸಬಹುದು! ಮೇಣಕ್ಕಾದರೆ ಸುಮಾರು 200 ಕಿಲೋಜೂಲ್. ಶಾಲೆಯಲ್ಲಿ ಇದನ್ನೇ ‘ಗುಪ್ತೋಷ್ಣ’ ಎಂದು ಕಲಿಸುವುದು. ಹಾಗಾಗಿ ಹೆಸರಿನಲ್ಲಿ ‘ಕರಗು’ ಬರಲೇಬೇಕು.

ಹೆಸರಿನಲ್ಲಿ ‘ಮೇಣ’ ಬೇಡ, ಇಂಥ ವಸ್ತುಗಳೆಲ್ಲ ಮೇಣವಲ್ಲ. 1948ರಲ್ಲಿ ಅಮೆರಿಕದ ಡೋವರಿನ ಮನೆಯೊಂದನ್ನು ವಿಜ್ಞಾನಿ ಮರಿಯಾ ಟೆಲ್ಕೆಸ್ ಬೆಚ್ಚಗಿಟ್ಟದ್ದು 32 ಡಿಗ್ರಿಗೆ ಕರಗುವ ಗ್ಲಾಬರ್ ಉಪ್ಪಿನಿಂದ (ನೀರು ಸೇರಿದ ಸೋಡಿಯಂ ಸಲ್ಫೇಟ್). ಕೆಲವು ಚಳಿಗಾಲದ ನಂತರ ಅದು ಪದರ ಪದರವಾಗಿ ಬೇರ್ಪಟ್ಟು ಕೆಟ್ಟಿತು, ಆ ಮಾತು ಬೇರೆ.

ಇನ್ನೊಂದು. ರಾತ್ರಿ ಗಟ್ಟಿಯಾಗದಿದ್ದರೆ ಮರುದಿನ ಕೆಲಸಕ್ಕೆ ಬಾರದು. ತೆಂಗಿನೆಣ್ಣೆ ಕರಗುವುದು ಸುಮಾರು 24 ಡಿಗ್ರಿಗೆ. ಏಪ್ರಿಲ್‌ನಲ್ಲಿ ನಮ್ಮ ಬಾಟ್ಲಿ ಎಣ್ಣೆ ರಾತ್ರಿಯೂ ನೀರಾಗಿಯೇ ಇರುತ್ತದಲ್ಲ? ಕರಾವಳಿಗೆ ಇನ್ನೂ ಮೇಲೆ ಕರಗುವಂಥದ್ದೇ ಬೇಕು. ಫಲಕದಲ್ಲಿ ಇದನ್ನೂ ಬರೆಯಿರಿ.
– ಕದ್ರಿ, ಮಂಗಳೂರು

ಗುಪ್ತೋಷ್ಣ ಅಂತೆ! ‘ಅಡಗುಬಿಸಿ’ ಅಂದರೆ ಮಕ್ಕಳಿಗೆ ತಿಳಿಯುವುದಿಲ್ವಾ? ಕನ್ನಡದ ಬಾಯಿಗೆ ಷಕಾರವೇ ಬೇಡ. ಸುಮ್ನೆ ಸಾಲದ ಹೊರೆ.
– ಉಡುಪಿ

ಹಾಗಾದರೆ ಚಾವಿ, ಬಟಾಟೆ ಎರಡನ್ನೂ ಪೋರ್ಚುಗೀಸರಿಗೆ ವಾಪಸು ಕೊಟ್ಟು ಬನ್ನಿ. 1894ರಲ್ಲಿ ನಮ್ಮ ಮಂಗಳೂರಲ್ಲೇ ಹೊರಬಂದ ಕಿಟೆಲ್ ನಿಘಂಟಿನಲ್ಲಿ ಹಿಂದೂಸ್ಥಾನಿ ಪದಗಳು ರಾಶಿ ಇವೆ. ಮೂಲ ಗುರುತು ಹಾಕಿ ಒಳಗೇ ಇಟ್ಟುಕೊಂಡರು, ಹೊರಗೆ ಹಾಕಲಿಲ್ಲ.
– ಕದ್ರಿ, ಮಂಗಳೂರು

ಬಟಾಟೆಯನ್ನು ಬೇರೆ ಚರ್ಚೆಗೆ ಇಟ್ಟುಕೊಳ್ಳಿ, ದಯವಿಟ್ಟು. ‘ಕರಗಿ ಬಿಸಿ ಹೀರುವ ವಸ್ತು’ ಎಂದು ದೊಡ್ಡಕ್ಷರದಲ್ಲಿ, ಕೆಳಗೆ ‘ಪಿಸಿಎಂ’ ಎಂದು ಹಾಕುತ್ತೇನೆ. ‘ಅಡಗುಬಿಸಿ’ ಹಿಡಿಸಿತು, ವಿವರಣೆಯಲ್ಲಿ ಬರುತ್ತದೆ.
– ಮಣಿಪಾಲ

ಹೀರುವುದು ನೀರನ್ನು, ಚಹಾವನ್ನು. ಬಿಸಿಯನ್ನು ಹಿಡಿಯುವುದು. ಪ್ರಿಂಟಿಗೆ ಮೊದಲು ತಿದ್ದಿ.
– ಉಡುಪಿ